ಫ್ಲಾರೆನ್ಸಿನ ಹಳೆಯ ಕ್ರಮದಲ್ಲಿ ಹಲಗೆಚಿತ್ರ ಬರೆದ ಅನುಭವ

ಮೈಸೂರು ಸಾಂಪ್ರದಾಯಿಕ ಚಿತ್ರಕಲೆಯನ್ನು ಕಲಿತು, ಅದನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಇಟಲಿಯ ಪುನರುಜ್ಜೀವನ ಕಾಲದ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಚಿನ್ನ ಮತ್ತು ನೀಲಿ. ಆ ಕಾಲವನ್ನು ನಾವು ಕೆಲವೇ ಮಹಾಪ್ರತಿಭೆಗಳ ಹೆಸರಿನಿಂದ ನೆನೆಯುತ್ತೇವೆ. ಆದರೆ ಚೆನ್ನಿನೊ ಚೆನ್ನಿನಿ ಎಂಬ ಚಿತ್ರಕಾರ 1400ರ ಆಸುಪಾಸಿನಲ್ಲಿ ಬರೆದ ಕೈಪಿಡಿಯನ್ನು ಅನುಸರಿಸಿ, ಮೇರಿ ಮತ್ತು ಶಿಶುವಿನ ಚಿಕ್ಕ ಹಲಗೆಚಿತ್ರವೊಂದನ್ನು ಮೊದಲಿನಿಂದ ಕೊನೆಯವರೆಗೆ ನಾನೇ ಸಿದ್ಧಪಡಿಸಿದ ಮೇಲೆ, ಆ ಹೆಸರುಗಳ ಹಿಂದೆ ದುಡಿದ ಅನೇಕ ಕೈಗಳು ನನಗೆ ಸ್ಪಷ್ಟವಾಗಿ ಕಾಣತೊಡಗಿದವು.

ಕೆಲಸ ಆರಂಭವಾಗುವುದು ಬಣ್ಣದಿಂದಲ್ಲ, ಸುಣ್ಣದಂಥ ಬಿಳಿಯ ಲೇಪದಿಂದ. ಪಾಪ್ಲರ್ ಮರದ ಹಲಗೆಗೆ ಚರ್ಮ ಕುದಿಸಿ ತೆಗೆದ ಅಂಟು ಬಳಿದು, ಹಳೆಯ ನಾರುಬಟ್ಟೆಯ ಪಟ್ಟಿಗಳನ್ನು ಅಂಟಿಸಿ, ಅದರ ಮೇಲೆ ಮೊದಲು ಒರಟು ಜಿಪ್ಸಂ, ನಂತರ ನಯವಾದ ಜಿಪ್ಸಂ ಹಚ್ಚಬೇಕು. ಈ ನಯವಾದ ಜಿಪ್ಸಮ್ಮನ್ನು ಒಂದು ತಿಂಗಳು ನೀರಿನಲ್ಲಿಟ್ಟು ಪ್ರತಿದಿನ ಕಲಕುತ್ತಿರಬೇಕೆಂದೂ, ಕನಿಷ್ಠ ಎಂಟು ಪದರ ಬಳಿಯಬೇಕೆಂದೂ ಚೆನ್ನಿನಿ ಹೇಳುತ್ತಾನೆ. ದಿನವೂ ಬಕೆಟ್ಟಿನ ಮುಂದೆ ಕುಳಿತು ಕಲಕುವಾಗ, ಆತ ಶಿಷ್ಯವೃತ್ತಿಗೆ ಹದಿಮೂರು ವರ್ಷಗಳನ್ನು ಏಕೆ ನಿಗದಿಪಡಿಸಿದನೆಂಬುದು ನನಗೆ ಅರ್ಥವಾಯಿತು: ಒಂದು ವರ್ಷ ರೇಖಾಭ್ಯಾಸ, ಆರು ವರ್ಷ ಬಣ್ಣ ಅರೆಯುವುದು, ಅಂಟು ಕುದಿಸುವುದು, ಲೇಪ ಹಚ್ಚುವುದು, ಇನ್ನಾರು ವರ್ಷ ಬಣ್ಣ ತುಂಬುವ ಕೆಲಸ. ಇಂಗಲೀಕವೆಂಬ ಕೆಂಪು ಬಣ್ಣವನ್ನು ಇಪ್ಪತ್ತು ವರ್ಷ ದಿನವೂ ಅರೆದರೂ ಅದು ಮತ್ತಷ್ಟು ಉತ್ತಮಗೊಳ್ಳುತ್ತದೆಯೇ ಹೊರತು ಕೆಡುವುದಿಲ್ಲವೆಂಬುದು ಆತನ ಅಭಿಪ್ರಾಯ. ಚಿತ್ರಶಾಲೆಯ ಹುಡುಗನ ಹರೆಯವೆಲ್ಲ ಕಲ್ಲಿನ ಮುಂದೆಯೇ ಕಳೆಯುತ್ತಿತ್ತು.

ಚಿನ್ನದ ರೇಕು ಕೂರಿಸುವ ಕೆಲಸ ನನಗೆ ಪರಿಚಿತವೇ ಆಗಿತ್ತು. ಆದರೂ ಅಲ್ಲಿ ಕೆಂಪು ಜೇಡಿಯ ಲೇಪದ ಮೇಲೆ ನೀರು ತೇವಿಸಿ ರೇಕು ಕೂರಿಸಿ, ನುಣುಪಾದ ಕಲ್ಲಿನಿಂದ ಉಜ್ಜುವ ಕ್ರಮ ನಮ್ಮದಕ್ಕಿಂತ ಭಿನ್ನವಾದುದು. ಈ ಕೆಲಸಕ್ಕೆ ತೇವದ ಹವೆ ಒಳ್ಳೆಯದೆಂಬ ಆತನ ಮಾತನ್ನು ನಂಬಿ ಮಳೆಗಾಲದಲ್ಲಿ ಮಾಡಿದೆ, ರೇಕು ಸೊಗಸಾಗಿ ಹಿಡಿಯಿತು.

ನನ್ನನ್ನು ಹೆಚ್ಚು ಕಾಲ ಹಿಡಿದಿಟ್ಟದ್ದು ನೀಲಿ. ಆಗ ಆ ನೀಲಿಯ ಮೂಲವಾದ ಲ್ಯಾಪಿಸ್ ಲಾಜುಲಿ ಕಲ್ಲು ಇಂದಿನ ಅಫಘಾನಿಸ್ತಾನದ ಬದಖ್ಶಾನ್ ಗಣಿಗಳಿಂದ ಯುರೋಪನ್ನು ಸೇರುತ್ತಿತ್ತು. ಕಲ್ಲನ್ನು ಬರಿದೇ ಪುಡಿ ಮಾಡಿದರೆ ಬೂದುಬಣ್ಣ ಬರುತ್ತದೆ. ಆ ಪುಡಿಯನ್ನು ರಾಳ, ಮಸ್ತಕಿ ಅಂಟು ಮತ್ತು ಜೇನುಮೇಣದೊಂದಿಗೆ ಕಣಕದ ಹಾಗೆ ನಾದಿ, ಕೆಲವು ದಿನ ಬಿಟ್ಟು, ಬೂದಿಯ ತಿಳಿನೀರಿನಲ್ಲಿ ಕೋಲುಗಳಿಂದ ಒತ್ತುತ್ತ ಹೋದಾಗ ನೀಲಿ ಕಣಗಳು ಮಾತ್ರ ತಳಕ್ಕಿಳಿಯುತ್ತವೆ. ಮೊದಲ ಸಲ ಇಳಿದದ್ದು ಅತ್ಯುತ್ತಮ, ಕೊನೆಯದು ಬರಿಯ ಬೂದಿಯಂತಿರುತ್ತದೆ. ಈ ಕೆಲಸದಲ್ಲಿ ಗಂಡಸರಿಗಿಂತ ಮನೆಯಲ್ಲಿರುವ ಯುವತಿಯರೇ ಹೆಚ್ಚು ನಿಪುಣರೆಂದು ಚೆನ್ನಿನಿ ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುತ್ತಾನೆ. ಆ ಒಂದು ಸಾಲು ನನಗೆ ಇಡೀ ಕೃತಿಯಲ್ಲೇ ಅಮೂಲ್ಯವಾಗಿ ಕಂಡಿತು, ಏಕೆಂದರೆ ಹೆಂಗಸರ ಶ್ರಮ ಚಿತ್ರದ ಮೇಲ್ಮೈಯಲ್ಲೇ ಇದ್ದರೂ ಅವರಲ್ಲಿ ಒಬ್ಬರ ಹೆಸರನ್ನೂ ಆತ ಹೇಳುವುದಿಲ್ಲ. ಫ್ಲಾರೆನ್ಸಿನಲ್ಲಿ ಸ್ಯಾನ್ ಜುಸ್ತೊ ಮಠದ ಸನ್ಯಾಸಿಗಳೂ ಈ ನೀಲಿಯನ್ನು ತಯಾರಿಸಿ ಮಾರುತ್ತಿದ್ದರು. ಚಿತ್ರಕಾರರು ವೈದ್ಯರು ಮತ್ತು ಔಷಧದಂಗಡಿಯವರ ಸಂಘಕ್ಕೇ ಸೇರಿದವರಾಗಿದ್ದರು, ಬಣ್ಣದ ವಸ್ತುಗಳು ದೊರೆಯುತ್ತಿದ್ದುದು ಆ ಅಂಗಡಿಗಳಲ್ಲಿಯೇ.

ನೀಲಿಯ ಬೆಲೆ ಒಪ್ಪಂದಪತ್ರಗಳಲ್ಲಿಯೂ ನಮೂದಾಗುತ್ತಿತ್ತು. ಅನಾಥ ಶಿಶುಗಳ ಆಶ್ರಯವಾದ ಇನ್ನೊಚೆಂತಿ ಆಸ್ಪತ್ರೆಗಾಗಿ 1485ರಲ್ಲಿ ಫ್ಲಾರೆನ್ಸಿನ ಚಿತ್ರಕಾರ ದೊಮೆನಿಕೊ ಗಿರ್ಲಾಂದಾಯೊ ಒಪ್ಪಿಕೊಂಡ ಚಿತ್ರದ ಕರಾರಿನಲ್ಲಿ, ಔನ್ಸಿಗೆ ಸುಮಾರು ನಾಲ್ಕು ಫ್ಲೋರಿನ್ ಬೆಲೆಯ ನೀಲಿಯನ್ನೇ ಬಳಸಬೇಕೆಂದೂ, ಒಟ್ಟು 115 ಫ್ಲೋರಿನ್‌ಗಳನ್ನು ತಿಂಗಳಿಗೆ ಮೂರರಂತೆ ಕೊಡಲಾಗುವುದೆಂದೂ, ಮೂವತ್ತು ತಿಂಗಳೊಳಗೆ ಮುಗಿಸದಿದ್ದರೆ ಹದಿನೈದು ಫ್ಲೋರಿನ್ ಕಡಿತವಾಗುವುದೆಂದೂ ಬರೆಯಲಾಗಿದೆ. ಒಂದು ಫ್ಲೋರಿನ್ ಎಂದರೆ ಸುಮಾರು ಮೂರೂವರೆ ಗ್ರಾಂ ಚಿನ್ನ. ಸ್ವಲ್ಪವೇ ನೀಲಿಗಾಗಿ ಹಲವು ದಿನ ನಾದಿದ ಕೈಗಳಿಗೆ ಈ ಷರತ್ತು ಅತಿಯೆನಿಸುವುದಿಲ್ಲ. ನನ್ನ ಚಿತ್ರದಲ್ಲಿ ನಿಜವಾದ ಲ್ಯಾಪಿಸ್ ನೀಲಿಯನ್ನು ಮೇರಿಯ ಮೇಲುವಸ್ತ್ರದ ಕೊನೆಯ ಪದರಕ್ಕೆ ಮಾತ್ರ ಬಳಸಿದೆ, ಅಡಿಯಲ್ಲಿ ಕೃತಕ ನೀಲಿಯಿದೆ.

ಮುಖ ಬರೆಯುವಾಗ ಮೊದಲು ಹಸಿರು ಮಣ್ಣಿನ ಬಣ್ಣ ಹಚ್ಚಿ, ಅದರ ಮೇಲೆ ತಿಳಿಗೆಂಪನ್ನು ಸಣ್ಣ ಸಣ್ಣ ಗೆರೆಗಳಾಗಿ ಎಳೆಯಬೇಕು. ಮೊಟ್ಟೆಯ ಹಳದಿಯಲ್ಲಿ ಕಲಸಿದ ಬಣ್ಣ ಕ್ಷಣದಲ್ಲಿ ಒಣಗುವುದರಿಂದ ಕುಂಚದಲ್ಲೇ ಬೆರೆಸುವ ಅವಕಾಶವಿಲ್ಲ. ಯುವಜನರ ಮುಖಕ್ಕೆ ಪಟ್ಟಣದ ಕೋಳಿಯ ಮೊಟ್ಟೆ, ಮುದುಕರ ಮುಖಕ್ಕೆ ಹಳ್ಳಿಯ ಕೋಳಿಯ ಮೊಟ್ಟೆ ಎಂಬ ಸೂಚನೆ ಮೊದಲಿಗೆ ವಿಚಿತ್ರವೆನಿಸಬಹುದು. ಆದರೆ ನಾಟಿ ಮೊಟ್ಟೆಯ ಕಡುಹಳದಿಯನ್ನೂ ಫಾರಂ ಮೊಟ್ಟೆಯ ತಿಳಿಹಳದಿಯನ್ನೂ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೀಸದ ಬಿಳಿ ವಿಷಕಾರಿಯಾದ್ದರಿಂದ ಅದರ ಬದಲು ಟೈಟಾನಿಯಂ ಬಿಳಿಯನ್ನು ಬಳಸಿದೆ. ಇದನ್ನು ಪ್ರಯತ್ನಿಸುವವರೆಲ್ಲರೂ ಹಾಗೆಯೇ ಮಾಡಬೇಕೆಂದು ಒತ್ತಿ ಹೇಳುತ್ತೇನೆ.

ಗಿರ್ಲಾಂದಾಯೊನ ಆ ಚಿತ್ರ 1488ರಲ್ಲಿ ಮುಗಿಯಿತು. ಅದರ ಹಿನ್ನೆಲೆಯಲ್ಲಿ ಕಾಣುವ, ಬೈಬಲ್ಲಿನ ಹೆರೋದ ರಾಜ ಮಾಡಿಸಿದ ಶಿಶುಹತ್ಯೆಯ ದೃಶ್ಯವನ್ನು ಬರೆದವನು ಅವನಲ್ಲ, ಬಾರ್ತೊಲೊಮಿಯೊ ದಿ ಜೊವಾನ್ನಿ ಎಂಬ ಇನ್ನೊಬ್ಬ ಚಿತ್ರಕಾರ. ನನ್ನ ಮುಂದಿನ ಹಲಗೆಯ ಲೇಪ ಮತ್ತು ಅರೆಯುವ ಕೆಲಸವನ್ನು ನನ್ನಲ್ಲಿ ಕಲಿಯುತ್ತಿರುವ ಇಬ್ಬರು ವಿದ್ಯಾರ್ಥಿಗಳು ಈಗಾಗಲೇ ಕೈಗೆತ್ತಿಕೊಂಡಿದ್ದಾರೆ, ಚಿತ್ರದ ಹಿಂಬದಿಯಲ್ಲಿ ಅವರ ಹೆಸರುಗಳನ್ನೂ ಬರೆಯಲಿದ್ದೇನೆ.