ಹೊಸಬರಿಗೆ ಮಾರ್ಗದರ್ಶಿ: ಆ ಒಂಬತ್ತು ಅಂಕಿ ಜೋಪಾನ

ಅಮೆರಿಕಕ್ಕೆ ಬಂದ ವಾರವೇ ಸೋನಾ ಮಸೂರಿ ಎಲ್ಲಿ ಸಿಗತ್ತೆ ಅಂತ ಎಲ್ರೂ ಕೇಳ್ತೀರ, ಕೆಲಸ, ಟ್ಯಾಕ್ಸ್, ಸಾಲ ಎಲ್ಲಕ್ಕೂ ಇಲ್ಲಿ ಬೇಕಾಗೋ ಒಂಬತ್ತಂಕಿಯ ಸೋಷಿಯಲ್ ಸೆಕ್ಯುರಿಟಿ ನಂಬರ್ (ಎಸ್‌ಎಸ್‌ಎನ್) ಬಗ್ಗೆ ಒಬ್ರೂ ಕೇಳಲ್ಲ. ಊರಲ್ಲಿ ಸಿಮ್ಮಿಗೂ ಆಧಾರ್ ಜೆರಾಕ್ಸ್ ಕೊಟ್ಟು ಅಭ್ಯಾಸ ನಮಗೆ, ಇಲ್ಲೂ ಹಾಗೇ ಪಾಸ್‌ಪೋರ್ಟ್ ಫೋಟೋ ತೆಗ್ದು ರೂಮ್ ಹುಡುಕೋ ವಾಟ್ಸಾಪ್ ಗ್ರೂಪಿಗೆ ಹಾಕೋರನ್ನ ಕಣ್ಣಾರೆ ನೋಡಿದೀನಿ. ದಯವಿಟ್ಟು ಬೇಡ.

ನನ್ನ ಕಥೆ ಕೇಳಿ. ಬಂದ ಎರಡನೇ ವರ್ಷ ಒಂದು ಫೋನು, ಸ್ಕ್ರೀನ್ ಮೇಲೆ ಸರ್ಕಾರಿ ನಂಬರೇ ಕಾಣ್ತಿತ್ತು, "ಇಮಿಗ್ರೇಷನ್ನಿಂದ, ನಿಮ್ಮ ಫಾರ್ಮಲ್ಲಿ ತಪ್ಪಿದೆ, ಅರ್ಧ ಗಂಟೇಲಿ ಅರೆಸ್ಟ್" ಅಂದ, ನನ್ನ ಹೆಸರು ಅಡ್ರೆಸ್ ಎಲ್ಲ ಸರಿಯಾಗಿ ಹೇಳ್ದ, ಪಕ್ಕದಲ್ಲಿ ಹೆಂಡ್ತಿ ಅಳ್ತಾ ನಿಂತಿದ್ಲು, ನಾನು ಇಂಜಿನಿಯರ್ ಅನ್ನಿಸ್ಕೊಂಡವನು ಒಂಬತ್ತೂ ಅಂಕಿ ಒದರಿಬಿಟ್ಟೆ. ಗಿಫ್ಟ್ ಕಾರ್ಡ್ ತಗೊಂಡು ನಂಬರ್ ಓದು ಅಂದಾಗ್ಲೇ ಬುದ್ಧಿ ಬಂದಿದ್ದು. ದುಡ್ಡು ಉಳೀತು, ಆದ್ರೆ ಮುಂದಿನ ಟ್ಯಾಕ್ಸ್ ಸೀಸನ್ನಲ್ಲಿ ನನ್ನ ರಿಟರ್ನ್ ರಿಜೆಕ್ಟ್, ಯಾರೋ ಆಗ್ಲೇ ನನ್ನ ನಂಬರಲ್ಲಿ ಫೈಲ್ ಮಾಡಿದ್ರು! ಐಡೆಂಟಿಟಿ ಕಳ್ಳತನ ಆಗಿದೆ ಅಂತ ಟ್ಯಾಕ್ಸ್ ಇಲಾಖೆಗೆ ಬರ್ಕೊಡೋ ಫಾರ್ಮ್ 14039 ಅಂದ್ರೆ ಏನು ಅಂತ ಅವತ್ತು ಕಲ್ತೆ. ಯುಎಸ್‌ಸಿಐಎಸ್ (ಇಮಿಗ್ರೇಷನ್ ಇಲಾಖೆ) ಫೋನಲ್ಲಿ ದುಡ್ಡು ಕೇಳಲ್ಲ. ಗಿಫ್ಟ್ ಕಾರ್ಡಲ್ಲಂತೂ ಯಾವ ಸರ್ಕಾರಾನೂ ಕೇಳಲ್ಲ.

ಇನ್ನೊಂದು, ಇದು ಸ್ವಲ್ಪ ಬೈಗುಳ ಅಂತಲೇ ತಿಳ್ಕೊಳಿ. ಎಚ್-4 (ಎಚ್-1ಬಿ ಕೆಲಸದವರ ಕುಟುಂಬದ ವೀಸಾ) ಮೇಲೆ ಬಂದೋರಿಗೆ ವರ್ಕ್ ಪರ್ಮಿಟ್ ಬರೋ ತನಕ ಮನೇಲಿ ಕೂರೋದು ಕಷ್ಟ, ಗೊತ್ತು. ಹಾಗಂತ "ನನ್ನ ನಂಬರ್ ಹಾಕು, ಯಾರಿಗೆ ಗೊತ್ತಾಗತ್ತೆ" ಅನ್ನೋ ಸ್ನೇಹಿತರ ಮಾತು ಕೇಳ್ಬೇಡಿ. ಇ-ವೆರಿಫೈ (ಕೆಲಸಕ್ಕೆ ಸೇರೋರ ವಿವರ ಸರ್ಕಾರಿ ದಾಖಲೆ ಜೊತೆ ತಾಳೆ ನೋಡೋ ವ್ಯವಸ್ಥೆ) ಇರೋ ಕಂಪನೀಲಿ ಹೆಸರು ನಂಬರ್ ತಾಳೆ ಆಗ್ಲಿಲ್ಲ ಅಂದ್ರೆ ಅಲ್ಲೇ ಸಿಕ್ಕಿಬೀಳತ್ತೆ. 2008ರಲ್ಲಿ ಅಯೋವಾದ ಪೋಸ್ಟ್‌ವಿಲ್ ಮಾಂಸದ ಕಾರ್ಖಾನೆ ಮೇಲೆ ರೇಡ್ ಆಗಿ 389 ಜನರನ್ನ ಹಿಡಿದ್ರು, ಬೇರೆಯವರ ನಂಬರಲ್ಲಿ ದುಡಿದಿದ್ದಕ್ಕೆ ಐಡೆಂಟಿಟಿ ಕಳ್ಳತನದ ಕೇಸ್ ಜಡೀತೀವಿ ಅಂತ ಹೆದರಿಸಿದ್ರು, ಅದಕ್ಕೆ ಕಡ್ಡಾಯ 2 ವರ್ಷ ಜೈಲು. ಆ ನಂಬರ್ ನಿಜವಾದ ಮನುಷ್ಯಂದು ಅಂತ ಆರೋಪಿಗೆ ಗೊತ್ತಿತ್ತು ಅನ್ನೋದನ್ನ ಸರ್ಕಾರವೇ ಸಾಬೀತು ಮಾಡ್ಬೇಕು ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಹೇಳ್ತು. ಸ್ನೇಹಿತನ ನಂಬರ್ ತಗೊಂಡೋರು ಗೊತ್ತಿರ್ಲಿಲ್ಲ ಅಂತ ಹೇಗೆ ಹೇಳ್ತೀರ? ನಂಬರ್ ಕೊಟ್ಟೋನ ಗತಿಯೂ ಅಷ್ಟೇ, ದುಡೀದೇ ಇರೋ ಸಂಬಳಕ್ಕೆ ಟ್ಯಾಕ್ಸ್ ಇಲಾಖೆ ಐಆರ್‌ಎಸ್ ನೋಟಿಸ್.

ಈ ವಾರವೇ ಮಾಡಿ:
- ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಸಾಲದ ಲೆಕ್ಕ ಇಡೋ ಈ ಮೂರೂ ಕಂಪನೀಲಿ ಕ್ರೆಡಿಟ್ ಫ್ರೀಜ್, ಅಂದ್ರೆ ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ತೆಗೀದಂತೆ ಬೀಗ (2018ರಿಂದ ಫ್ರೀ)
- ಐಆರ್‌ಎಸ್ ಐಪಿ ಪಿನ್ (ನಿಮ್ಮ ನಂಬರಲ್ಲಿ ಬೇರೆಯವರು ರಿಟರ್ನ್ ಹಾಕದಂತೆ ತಡೆಯೋದು), ಆರಂಕಿ, ಪ್ರತಿ ವರ್ಷ ಹೊಸದು
- ಎಸ್‌ಎಸ್‌ಎನ್ ಕಾರ್ಡ್ ಪರ್ಸಲ್ಲಿ ಬೇಡ, ಮನೇಲಿ
- 18 ದಾಟಿದೋರು ಐ-94 (ದೇಶದೊಳಗೆ ಬಂದ ದಾಖಲೆ) ಪ್ರಿಂಟ್ ಅಥವಾ ಗ್ರೀನ್ ಕಾರ್ಡ್ ಜೊತೇಲೇ
- ಮನೆ ಬದಲಾಯಿಸಿದ್ರೆ 10 ದಿನದೊಳಗೆ ಎಆರ್-11 (ಇಮಿಗ್ರೇಷನ್ ಇಲಾಖೆಗೆ ಹೊಸ ಅಡ್ರೆಸ್ ತಿಳಿಸೋ ಫಾರ್ಮ್)
- ಬಾಗಿಲಿಗೆ ಐಸ್ (ಇಮಿಗ್ರೇಷನ್ ಪೊಲೀಸರು) ಅಂತ ಬಂದ್ರೆ ತೆಗೆಯೋ ಮುಂಚೆ ಜಡ್ಜ್ ಸಹಿ ಇರೋ ವಾರಂಟ್ ಕೇಳಿ, ಲಾಯರಿಗೆ ಫೋನ್ ಮಾಡಿ

ಮೋಸ ಆಗಿದ್ರೆ ಮುಚ್ಚಿಡ್ಬೇಡಿ, ಫೆಡರಲ್ ಟ್ರೇಡ್ ಕಮಿಷನ್ನಿನ ಐಡೆಂಟಿಟಿಥೆಫ್ಟ್ ಡಾಟ್ ಗವ್‌ನಲ್ಲಿ ರಿಪೋರ್ಟ್ ಹಾಕಿ, ಆಮೇಲೆ ನಮ್ಮ ಕನ್ನಡ ಸಂಘದವರಿಗೆ ಒಂದು ಮಾತು ತಿಳಿಸಿ. ರಾಜ್ಯೋತ್ಸವಕ್ಕೆ ಬಿಸಿಬೇಳೆಬಾತ್ ಬಡಿಸೋ ನಾವೇ ಫಾರ್ಮ್ ತುಂಬೋಕೂ ಕೂತ್ಕೋತೀವಿ.