ಎಲ್ಲದಕ್ಕೂ ಮರೆವಿನ ಮೇಲೆ ಗೂಬೆ ಕೂರಿಸಬೇಡಿ

ನಮ್ಮ ಅತ್ತೆಗೆ ಶುಗರ್, ಬಿಪಿ, ಜೊತೆಗೆ ಮರೆವಿನ ಕಾಯಿಲೆ. ಒಂದು ದಿನ ಬೆಳಗ್ಗೆ ಹನ್ನೊಂದು ಗಂಟೆಗೆ ಅವರು ಹಟ್ಟಿಯ ಬಾಗಿಲಲ್ಲಿ ನಿಂತು ದನವನ್ನು ಹೆಸರು ಹಿಡಿದು ಕರೆಯುತ್ತಿದ್ದರು. ದನ ಮಾರಿ ಎಂಟು ವರ್ಷ ಆಗಿತ್ತು. ಇವರಿಗೆ ಮರೆವು ಜಾಸ್ತಿ ಆಯ್ತು ಅಂದುಕೊಂಡು ನಾನು ತೆಂಗಿನಕಾಯಿ ತುರಿಯುತ್ತಲೇ ಇದ್ದೆ. ಆಮೇಲೆ ಕರೆದುಕೊಂಡು ಬರೋಣ ಅಂತ ಕೈ ಹಿಡಿದರೆ, ಅಂಗೈ ತಣ್ಣಗೆ, ಬೆರಳು ನಡುಗುತ್ತಾ ಇದೆ. ಜನವರಿಯ ಚಳಿಯಲ್ಲೂ ರವಿಕೆ ಬೆವರಿನಿಂದ ಒದ್ದೆ. ಮೆಷಿನ್‌ನಲ್ಲಿ ನೋಡಿದಾಗ ಶುಗರ್ 52.

ಆದದ್ದು ಇಷ್ಟೆ. ಬೆಳಗ್ಗೆ ನಾನು ಶುಗರಿನ ಮಾತ್ರೆ ಕೊಟ್ಟಿದ್ದೆ. "ನನಗೆ ಯಾರೂ ಮಾತ್ರೆ ಕೊಡಲಿಲ್ಲ" ಅಂತ ಮಗನ ಹತ್ತಿರ ಹೇಳಿದರು, ಅವರೂ ಒಂದು ಕೊಟ್ಟರು. ದೋಸೆ ಮಾತ್ರ ಅರ್ಧಕ್ಕೇ ಬಿಟ್ಟಿದ್ದರು.

ಶುಗರ್ 70ಕ್ಕಿಂತ ಕೆಳಗೆ ಹೋದರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಇನ್ನೊಮ್ಮೆ ಕೊಡಿ, ಏರಿದ ಮೇಲೆ ಗಂಜಿಯೋ ಬಿಸ್ಕತ್ತೋ ತಿನ್ನಿಸಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಪಕ್ಕಕ್ಕೆ ಮಲಗಿಸಿ, ಗಾಡಿ ಕರೆಸಿ. ಕೆಲವು ಶುಗರ್ ಮಾತ್ರೆಯ ಪ್ರಭಾವ ದಿನವಿಡೀ ಇರುತ್ತದೆ, ಒಮ್ಮೆ ಏರಿದ್ದು ಮತ್ತೆ ಇಳಿಯಬಹುದು. ಹಾಗಾಗಿ ಸರಿಯಾಯ್ತಲ್ಲ ಅಂತ ಸುಮ್ನೆ ಕೂರದೆ ಡಾಕ್ಟರಿಗೆ ಫೋನ್ ಮಾಡಿ.

ಅವತ್ತಿನಿಂದ ಮಾತ್ರೆ ಒಬ್ಬರ ಕೈಯಲ್ಲೇ ಅಂತ ನಿಯಮ ಮಾಡಿದೆವು. ಡಬ್ಬಿ ಕಪಾಟಿನ ಒಳಗೆ, ಬೀಗ ಹಾಕಿ. ಕೊಟ್ಟ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು. ಊಟ ಬಿಟ್ಟ ದಿನ ಯಾವ ಮಾತ್ರೆ ಕೊಡಬೇಕು, ಯಾವುದು ಬೇಡ ಅಂತ ಡಾಕ್ಟರನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ನಮ್ಮ ಡಾಕ್ಟರು ಮಾತ್ರೆಯನ್ನೇ ಕಡಿಮೆ ಮಾಡಿದರು. ಇಂಥವರಿಗೆ ಶುಗರ್ ಸ್ವಲ್ಪ ಏರಿದ್ದಕ್ಕಿಂತ ಇಳಿದದ್ದೇ ಹೆಚ್ಚು ಅಪಾಯ ಅಂದರು.

ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದ ಕಡೆಯವರಿಗೆ ಇನ್ನೊಂದು ತಾಪತ್ರಯ ಉಂಟು. ದೊಡ್ಡ ಡಾಕ್ಟರು ಮಂಗಳೂರಲ್ಲಿ, ಜ್ವರ ಕೆಮ್ಮಿಗೆ ಇಲ್ಲಿಯದೇ ಆಸ್ಪತ್ರೆ. ಒಂದೇ ಬಿಪಿ ಮಾತ್ರೆ ಎರಡು ಕಂಪನಿ ಹೆಸರಲ್ಲಿ ನಮ್ಮ ಡಬ್ಬಿಗೆ ಬಂದು ಕೂತಿತ್ತು! ಎದ್ದು ನಿಂತ ಕೂಡಲೇ ಅತ್ತೆಗೆ ಕಣ್ಣು ಕತ್ತಲೆ ಬರುತ್ತಿದ್ದದ್ದು ಅದಕ್ಕೇ. ಚೀಟಿ ಮಾತ್ರ ಸಾಲದು, ಎಲ್ಲ ಮಾತ್ರೆಯ ಹಾಳೆಗಳನ್ನೂ ಚೀಲಕ್ಕೆ ತುಂಬಿಕೊಂಡು ಹೋಗಿ ತೋರಿಸಿ. ಮೆಡಿಕಲ್‌ನಿಂದ ಶೀತಕ್ಕೆ, ತುರಿಕೆಗೆ ಅಂತ ಸುಮ್ನೆ ಮಾತ್ರೆ ತರಬೇಡಿ. ಮಂಪರು ಬರಿಸುವ ಆ ಮಾತ್ರೆಗಳಲ್ಲಿ ಕೆಲವು ಗೊಂದಲವನ್ನು ಇನ್ನೂ ಹೆಚ್ಚಿಸುತ್ತವೆ.

ಮರೆವಿನ ಕಾಯಿಲೆ ಸಾಮಾನ್ಯವಾಗಿ ನಿಧಾನಕ್ಕೆ ಏರುವಂಥದ್ದು. ನಿನ್ನೆ ಸರಿ ಇದ್ದವರು ಇವತ್ತು ಒಮ್ಮೆಲೇ ಬದಲಾದರೆ ದೇಹದಲ್ಲಿ ಏನೋ ಆಗಿದೆ ಅಂತಲೇ ತಿಳಿಯಿರಿ. ಮೂತ್ರದ ಸೋಂಕು, ಮಲಬದ್ಧತೆ, ನೀರು ಕುಡಿಯದೆ ಇರುವುದು, ಹೊಸ ಮಾತ್ರೆ, ಯಾವುದೂ ಆಗಬಹುದು. ಮುಖ ಒಂದು ಕಡೆಗೆ ಸೊಟ್ಟಗಾದರೆ, ಕೈಯಲ್ಲಿ ಬಲ ಇಲ್ಲದಾದರೆ ನಾಳೆ ನೋಡೋಣ ಅನ್ನಲೇಬೇಡಿ.

ನೋವಿನ ವಿಷಯಕ್ಕೆ ಬಂದರೆ, "ನೋವುಂಟಾ?" ಅಂದರೆ ಅತ್ತೆ ಯಾವಾಗಲೂ "ಇಲ್ಲ" ಅನ್ನುತ್ತಿದ್ದರು. ಆದರೆ ಬಚ್ಚಲಿನ ಮೆಟ್ಟಿಲು ಬಂದಾಗ ನನ್ನ ಕೈ ಚಿವುಟುತ್ತಿದ್ದರು. ಹಟ ಅಂತ ತಿಂಗಳುಗಟ್ಟಲೆ ಬೈದಿದ್ದೇನೆ, ಈಗ ನೆನೆದರೆ ಬೇಸರ ಆಗುತ್ತದೆ. ಮಂಡಿ ಮಡಿಸುವಾಗ ಹುಬ್ಬು ಗಂಟಾಗುತ್ತಿದ್ದದ್ದನ್ನು ನೋಡಿದ್ದು ಮನೆಗೆ ಬರುತ್ತಿದ್ದ ನರ್ಸಮ್ಮ. ಡಾಕ್ಟರನ್ನು ಕೇಳಿ ಸ್ನಾನಕ್ಕೆ ಮುಂಚೆ ಪ್ಯಾರಸಿಟಮಾಲ್ ಕೊಡತೊಡಗಿದೆವು, ಚಿವುಟುವುದು ನಿಂತಿತು. ಬೇರೆ ನೋವಿನ ಮಾತ್ರೆಗಳನ್ನು ನಾವಾಗಿ ಕೊಡಬಾರದು, ಬಿಪಿ ಇದ್ದವರ ಕಿಡ್ನಿಗೆ ಕೆಟ್ಟದ್ದು.

ಈ ನರ್ಸಮ್ಮನ ಬಗ್ಗೆ ತುಂಬಾ ಜನಕ್ಕೆ ಗೊತ್ತಿಲ್ಲ. ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ನೀತಿ, ಅಂದರೆ ದೊಡ್ಡ ಕಾಯಿಲೆಯವರ ನೋವು, ಸಂಕಟ ಕಡಿಮೆ ಮಾಡುವ ಆರೈಕೆಯ ನೀತಿ, ತಂದ ಮೇಲೆ ಪಂಚಾಯತಿನ ಕಡೆಯಿಂದ ಮನೆಗೇ ಬಂದು ನೋಡುವ ವ್ಯವಸ್ಥೆ ಬೆಳೆಯಿತು. ಅದು ಕ್ಯಾನ್ಸರಿನವರಿಗೆ ಮಾತ್ರ ಅಲ್ಲ. ವಾರ್ಡಿನ ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ ನೋಡಿ. ಮಲಯಾಳ ಸರಿಯಾಗಿ ಬಾರದಿದ್ದರೂ ತೊಂದರೆ ಇಲ್ಲ, ನನ್ನದು ಹರುಕು ಮುರುಕು ಮಲಯಾಳವೇ.

ರಾತ್ರಿ ಕಾಲು ತೊಳೆಸುವಾಗ ಬೆರಳ ಸಂದು, ಹಿಮ್ಮಡಿ ನೋಡಿ. ಶುಗರಿನವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯದೆ ಹೋಗಬಹುದು, ಮರೆವು ಇದ್ದರೆ ಹೇಳುವುದೂ ಇಲ್ಲ. ಬಿಸಿನೀರಿನ ಹದವನ್ನು ನಿಮ್ಮ ಕೈಯಲ್ಲೇ ನೋಡಿ.

ಪಥ್ಯದಲ್ಲಿ ನಾನು ತೀರಾ ಬಿಗಿ ಮಾಡಲಿಲ್ಲ. ಹಲಸಿನ ಹಣ್ಣಿನ ಕಾಲದಲ್ಲಿ ಎರಡು ತೊಳೆ ಕೊಟ್ಟು, ಉಳಿದದ್ದನ್ನು ಕಣ್ಣಿಗೆ ಬೀಳದ ಹಾಗೆ ಇಡುತ್ತಿದ್ದೆ. ಬಿಪಿ ಇದೆ ಅಂತ ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೆ ಏರಿಸಿದ್ದಾಯಿತು. ಗಂಜಿಗೆ ಒಂದೇ ಮಿಡಿ, ಅದನ್ನೂ ನೀರಲ್ಲಿ ತೊಳೆದು ಕೊಡುತ್ತಿದ್ದೆ. ನನ್ನ ಹೆಸರು ಮರೆತವರು ಆ ಮಿಡಿಯನ್ನು ಚೀಪಿ, "ಇದಕ್ಕೆ ಉಪ್ಪು ಹಾಕಿದವರು ಯಾರು?" ಅಂತ ಪ್ರತಿದಿನ ಕೇಳುತ್ತಿದ್ದರು.