ಪುಸ್ತಕ ಮೊದಲೋ, ಆಟ ಮೊದಲೋ: ಫ್ಯಾಂಟಸಿ ಕಾದಂಬರಿಗಳಿಂದ ಬಂದ ಕಂಪ್ಯೂಟರ್ ಆಟಗಳನ್ನು ಆಡುವ ಕ್ರಮ

ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿಗೆ ಹೋಗಿಬರುವ ಲೋಕಲ್ ಪ್ರಯಾಣದಲ್ಲಿ, ಕೂರಲು ಜಾಗ ಸಿಕ್ಕಿದ ದಿನ, ಎರಡು ಗಂಟೆಗೂ ಹೆಚ್ಚು ಓದಬಹುದು. ನಾನು ಫ್ಯಾಂಟಸಿ ಕಾದಂಬರಿಗಳನ್ನು ಓದಿದ್ದು ಬಹುಪಾಲು ಆ ರೈಲಿನಲ್ಲಿಯೇ. ಅವುಗಳನ್ನು ಆಧರಿಸಿದ ಕಂಪ್ಯೂಟರ್ ಆಟಗಳನ್ನು ಆಡಿದ್ದು ಶನಿವಾರದ ರಾತ್ರಿಗಳಲ್ಲಿ. ಇದನ್ನು ತಿಳಿದ ಕಿರಿಯ ಗೆಳೆಯರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಮೊದಲು ಪುಸ್ತಕ ಓದಬೇಕೋ, ಆಟ ಆಡಬೇಕೋ? ಎಲ್ಲ ಆಟಗಳಿಗೂ ಹೊಂದುವ ಉತ್ತರ ಇದಕ್ಕಿಲ್ಲ. ಆದರೆ ಆಟದ ಕಥೆಯು ಕಾದಂಬರಿಯ ಕಥೆಯೊಂದಿಗೆ ಯಾವ ನಂಟನ್ನು ಇಟ್ಟುಕೊಂಡಿದೆ ಎಂಬುದನ್ನು ಖರೀದಿಗೆ ಮೊದಲೇ ತಿಳಿದುಕೊಂಡರೆ ಉತ್ತರ ತಾನಾಗಿಯೇ ದೊರೆಯುತ್ತದೆ. ಆಟವು ಕಾದಂಬರಿಯ ಕಥೆಯನ್ನೇ ಮತ್ತೆ ಹೇಳುತ್ತಿರಬಹುದು, ಅದು ಮುಗಿದಲ್ಲಿಂದ ಮುಂದುವರಿಯುತ್ತಿರಬಹುದು, ಎರಡು ಕಾದಂಬರಿಗಳ ನಡುವಿನ ಖಾಲಿ ಜಾಗದಲ್ಲಿ ಬೀಡುಬಿಟ್ಟಿರಬಹುದು, ಅಪರೂಪಕ್ಕೆ ಪುಸ್ತಕಕ್ಕಿಂತ ಮೊದಲೇ ಹುಟ್ಟಿರಲೂಬಹುದು.

ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬಯಿಗೆ ಬಂದು ನಡೆಸುವ ತಾಳಮದ್ದಳೆಗೆ ಹೋದವರಿಗೆ ಈ ಮಾತು ಹೊಸದೇನಲ್ಲ. ಭಾಗವತರು ಹಾಡುವ ಪದ್ಯ ಗೊತ್ತಿರುವಂಥದ್ದು, ಕರ್ಣ ಸಾಯುತ್ತಾನೆಂಬುದೂ ಗೊತ್ತಿರುವಂಥದ್ದು. ಆದರೂ ಆ ರಾತ್ರಿಯ ಅರ್ಥಧಾರಿ, ಅಂದರೆ ಪದ್ಯವನ್ನು ಮಾತಿನಲ್ಲಿ ಬಿಡಿಸಿ ಹೇಳುವ ಕಲಾವಿದ, ಕರ್ಣನಿಂದ ಏನು ಆಡಿಸುತ್ತಾನೆಂಬುದಕ್ಕಾಗಿ ನಾವು ಕುಳಿತಿರುತ್ತೇವೆ. ಒಳ್ಳೆಯ ಆಟದಲ್ಲಿ ಪ್ರಸಂಗ ಕಾದಂಬರಿಕಾರನದು, ಅರ್ಥ ಹೇಳುವ ಸರದಿ ಆಡುವವನದು. ಪದ್ಯವನ್ನೇ ಕೇಳದೆ ಅರ್ಥ ಹೇಳಹೊರಟರೆ ಆಗುವ ಪೇಚು ಆಟದಲ್ಲಿಯೂ ಆಗುತ್ತದೆ, ಎಲ್ಲ ಆಟಗಳಲ್ಲಿ ಅಲ್ಲದಿದ್ದರೂ ಕೆಲವುಗಳಲ್ಲಿ ಖಂಡಿತವಾಗಿ.

ಕಥೆಯನ್ನೇ ಮತ್ತೆ ಹೇಳುವ ಆಟಗಳಿಗೆ ಹಳೆಯ ಉದಾಹರಣೆಯೆಂದರೆ 1982ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ತಯಾರಾದ ‘ದ ಹಾಬಿಟ್’. ಆಟಗಾರ ವಾಕ್ಯಗಳನ್ನು ಟೈಪ್ ಮಾಡಿ ಆಡಬೇಕಾಗಿದ್ದ ಆ ಆಟದ ಪೆಟ್ಟಿಗೆಯೊಳಗೆ ಟೋಲ್ಕಿನ್ನರ ಅದೇ ಹೆಸರಿನ ಕಾದಂಬರಿಯ ಪ್ರತಿಯನ್ನೂ ಇಟ್ಟು ಮಾರುತ್ತಿದ್ದರು; ಮೊದಲು ಯಾವುದು ಎಂಬ ಪ್ರಶ್ನೆಗೆ ತಯಾರಕರೇ ಕೊಟ್ಟ ಉತ್ತರವೆಂದು ಇದನ್ನು ತಿಳಿಯಬಹುದು. ಇಂಥ ಆಟಗಳಲ್ಲಿ ಪುಸ್ತಕವನ್ನು ಮೊದಲು ಓದುವುದೇ ಸರಿ. ಮುಂದೇನಾಗುತ್ತದೆಂದು ಗೊತ್ತಿದ್ದರೆ ಸ್ವಾರಸ್ಯ ಕೆಡುತ್ತದೆ ಎಂಬ ಹೆದರಿಕೆಯೂ ಬೇಕಿಲ್ಲ. ಆ ಆಟದ ಪಾತ್ರಗಳು ಆಟಗಾರನಿಗಾಗಿ ಕಾಯದೆ ತಮ್ಮಷ್ಟಕ್ಕೆ ಓಡಾಡುತ್ತಿದ್ದವು. ಇಕ್ಕಟ್ಟಿನ ಹೊತ್ತಿನಲ್ಲಿ ಕುಬ್ಜರ ನಾಯಕ ಥೋರಿನ್ ಕೆಳಗೆ ಕುಳಿತು ಚಿನ್ನದ ಕುರಿತು ಹಾಡತೊಡಗುವುದು ಇಂದಿಗೂ ಹಳಬರ ನಗೆಮಾತು. ಕಾದಂಬರಿಯ ಥೋರಿನ್‌ನ ಗತ್ತನ್ನು ಬಲ್ಲವರಿಗೆ ಮಾತ್ರ ಆ ನಗೆ ಪೂರ್ತಿಯಾಗಿ ದಕ್ಕುತ್ತದೆ.

ಕಾದಂಬರಿಯ ನಂತರ ಆರಂಭವಾಗುವ ಆಟಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಪೋಲೆಂಡ್‌ನ ‘ದ ವಿಚರ್’ ಸರಣಿಯನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು. ಆಂಜೆಯ್ ಸಪ್ಕೋವ್‌ಸ್ಕಿಯವರು ರಾಕ್ಷಸರನ್ನು ಬೇಟೆಯಾಡುವ ಗೆರಾಲ್ಟ್ ಎಂಬವನ ಮೊದಲ ಕಥೆಯನ್ನು 1986ರಲ್ಲಿ ಒಂದು ಪೋಲಿಷ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದೆ ಕಥಾಸಂಕಲನಗಳೂ ಐದು ಕಾದಂಬರಿಗಳ ಮಾಲೆಯೂ ಬಂದವು. ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ ಮೂರು ಮುಖ್ಯ ಆಟಗಳು 2007, 2011 ಮತ್ತು 2015ರಲ್ಲಿ ಬಿಡುಗಡೆಯಾದವು, ಮತ್ತು ಮೂರೂ ಆ ಮಾಲೆಯ ಕೊನೆಯ ಪುಟದ ನಂತರ ನಡೆಯುತ್ತವೆ. ಹೊಸಬರನ್ನು ಒಳಗೆ ಕರೆದುಕೊಳ್ಳಲು ತಯಾರಕರು ಮೊದಲ ಆಟದಲ್ಲಿ ಗೆರಾಲ್ಟ್‌ನ ನೆನಪನ್ನೇ ಅಳಿಸಿದರು. ಅವನಿಗೂ ಏನೂ ಗೊತ್ತಿಲ್ಲ, ಆಡುವವನಿಗೂ ಏನೂ ಗೊತ್ತಿಲ್ಲ. ಇದು ಜಾಣ ಉಪಾಯವೇ. ಆದರೆ ಮೂರನೆಯ ಆಟಕ್ಕೆ ಬರುವಷ್ಟರಲ್ಲಿ ಅವನಿಗೆ ನೆನಪು ಮರಳಿರುತ್ತದೆ, ಓದದವನು ಮಾತ್ರ ಇದ್ದಲ್ಲಿಯೇ ಇರುತ್ತಾನೆ.

ಆದುದರಿಂದ ಈ ಸರಣಿಗೆ ನಾನು ಸೂಚಿಸುವ ಕ್ರಮ ಹೀಗಿದೆ. ಮೊದಲು ‘ದ ಲಾಸ್ಟ್ ವಿಶ್’ ಸಂಕಲನವನ್ನು ಓದಬೇಕು, ಅದರ ಬೆನ್ನಿಗೇ ‘ಸೋರ್ಡ್ ಆಫ್ ಡೆಸ್ಟಿನಿ’ಯನ್ನು ಓದಬೇಕು. ಎರಡನೆಯದನ್ನು ಬಿಡಬಾರದೆಂದು ಒತ್ತಿ ಹೇಳಲು ಕಾರಣವಿದೆ. ಗೆರಾಲ್ಟ್ ಸಿರಿ ಎಂಬ ಹುಡುಗಿಯನ್ನು ಮೊದಲು ಕಾಣುವುದು ಆ ಸಂಕಲನದಲ್ಲಿ, ಮತ್ತು ಮೂರನೆಯ ಆಟ ನಿಂತಿರುವುದೇ ಆ ಹುಡುಗಿಯ ಹುಡುಕಾಟದ ಮೇಲೆ. (ತುಳುನಾಡಿನ ಕಡೆಯವರಿಗೆ ಸಿರಿಯೆಂಬ ಹೆಸರು ಕೇಳಿದೊಡನೆ ತುಳುವಿನ ಕಥನಗೀತೆಯಾದ ಪಾಡ್ದನ ನೆನಪಾದರೆ ತಪ್ಪಿಲ್ಲ, ನನಗೂ ಹಾಗೆಯೇ ಆಯಿತು.) ಪೋಲಿಷ್ ಭಾಷೆಯಲ್ಲಿ 1992ರಲ್ಲಿಯೇ ಬಂದಿದ್ದ ಈ ಪುಸ್ತಕ ಇಂಗ್ಲಿಷಿಗೆ ಬಂದದ್ದು 2015ರಲ್ಲಿ, ಅಂದರೆ ಅದರ ನಂತರದ ಕಾದಂಬರಿಗಳು ಕೆಲವು ಅನುವಾದಗೊಂಡ ಮೇಲೆ, ಹೀಗಾಗಿ ಇಂಗ್ಲಿಷ್ ಪ್ರಕಟಣೆಯ ಕ್ರಮವನ್ನೇ ಹಿಡಿದು ಓದುವವರು ದಾರಿ ತಪ್ಪುತ್ತಾರೆ. ಐದು ಕಾದಂಬರಿಗಳನ್ನು ಓದಲು ಸಮಯವಿಲ್ಲದವರು ಈ ಎರಡು ಸಂಕಲನಗಳನ್ನು ಮುಗಿಸಿ ನೇರವಾಗಿ ಮೂರನೆಯ ಆಟಕ್ಕೆ ಹೋದರೂ ನಷ್ಟ ದೊಡ್ಡದಲ್ಲ.

ಲಾಭವೇನೆಂಬುದನ್ನು ಎರಡು ಉದಾಹರಣೆಗಳಿಂದ ಹೇಳಬಹುದು. ಮೂರನೆಯ ಆಟದಲ್ಲಿ ‘ದ ಲಾಸ್ಟ್ ವಿಶ್’ ಎಂಬ ಹೆಸರಿನದೇ ಒಂದು ಉಪಕಥೆಯಿದೆ. ಯೆನ್ನೆಫರ್ ಎಂಬ ಮಾಂತ್ರಿಕಳು ವರ ಕೊಡುವ ಭೂತವಾದ ಒಂದು ಜಿನ್ನನ್ನು ಹಿಡಿಯಲು ಗೆರಾಲ್ಟ್‌ನ ನೆರವು ಕೇಳುತ್ತಾಳೆ. ಹಿಂದೆ ಅವನು ಕೇಳಿದ ವರವೊಂದು ತಮ್ಮಿಬ್ಬರನ್ನು ಕಟ್ಟಿಹಾಕಿದೆಯೋ, ಇಲ್ಲ ಇದು ನಿಜವಾದ ಪ್ರೀತಿಯೋ ಎಂಬುದನ್ನು ತಿಳಿಯುವುದು ಅವಳ ಉದ್ದೇಶ. ಕಥೆ ಓದದವನಿಗೆ ಅದು ದೋಣಿಯೇರಿ ಹೋಗಿ ಮಾಡುವ ಮತ್ತೊಂದು ಕಾಳಗ. ಓದಿದವನು ಕೊನೆಯಲ್ಲಿ ಉತ್ತರವನ್ನು ಆರಿಸಬೇಕಾದಾಗ ಕೈ ತಡೆದು ಕೂರುತ್ತಾನೆ. ಎರಡನೆಯದು ಮನೆಯಲ್ಲಿಯೇ ಮಾಡಿ ನೋಡಬಹುದಾದ ಅಭ್ಯಾಸ. 1986ರ ಆ ಮೊದಲ ಕಥೆಯಲ್ಲಿ, ಶಾಪದಿಂದ ಸ್ಟ್ರಿಗಾ ಎಂಬ ರಾಕ್ಷಸಿಯಾದ ರಾಜಕುಮಾರಿಯನ್ನು ಗೆರಾಲ್ಟ್ ಬೆಳಗಿನ ಕೋಳಿ ಕೂಗುವವರೆಗೆ ತಡೆದು ನಿಲ್ಲಬೇಕಾಗುತ್ತದೆ. 2007ರ ಆಟದ ಆರಂಭದ ದೃಶ್ಯಾವಳಿ ಇದೇ ರಾತ್ರಿಯನ್ನು ಚಿತ್ರಿಸುತ್ತದೆ. ಕಥೆಯನ್ನು ಓದಿ, ಆ ಕೆಲವು ನಿಮಿಷಗಳನ್ನು ನೋಡಿ, ಏನು ಉಳಿಯಿತು ಏನು ಬಿಟ್ಟುಹೋಯಿತು ಎಂದು ಬರೆದಿಟ್ಟುಕೊಳ್ಳಿರಿ. ಕಾಳಗ ಉಳಿದಿದೆ, ಅದಕ್ಕೆ ಮೊದಲು ಅಧಿಕಾರಿಯೊಡನೆ, ರಾಜನೊಡನೆ ನಡೆಯುವ ಚೌಕಾಸಿ, ಆ ಒಣ ಹಾಸ್ಯ ಉಳಿದಿಲ್ಲ. ರೂಪಾಂತರದ ಕುರಿತು ಯಾವ ವಿಮರ್ಶೆಯನ್ನೂ ಓದದೆ ಇಷ್ಟನ್ನು ಕಂಡುಕೊಳ್ಳಬಹುದು.

ಅಂದ ಹಾಗೆ, ಸಪ್ಕೋವ್‌ಸ್ಕಿಯವರು ಈ ಆಟಗಳನ್ನು ತಮ್ಮ ಕಥೆಯ ಮುಂದುವರಿಕೆಯೆಂದು ಒಪ್ಪಿದವರಲ್ಲ. ಆಟ ಗೆಲ್ಲುತ್ತದೆಂಬ ನಂಬಿಕೆಯಿಲ್ಲದೆ ಲಾಭದ ಪಾಲಿನ ಬದಲು ಒಂದೇ ಗಂಟಾಗಿ ಹಣ ಪಡೆದಿದ್ದ ಅವರು, 2018ರಲ್ಲಿ 6 ಕೋಟಿ ಜ್ಲೋಟಿಯ (ಪೋಲೆಂಡಿನ ಹಣ) ಬೇಡಿಕೆಯಿಟ್ಟರು. 2019ರಲ್ಲಿ ಉಭಯಪಕ್ಷಗಳ ನಡುವೆ ಹೊಸ ಒಪ್ಪಂದವಾಯಿತು. ಆಟದಲ್ಲಿ ನಡೆದದ್ದನ್ನು ಪುಸ್ತಕದ ಮೇಲೆ ಹೊರಿಸದಿರುವುದು ಓದುಗನಿಗೂ ಕ್ಷೇಮ.

ಎರಡು ಕಾದಂಬರಿಗಳ ನಡುವೆಯೋ ಬಹಳ ಹಿಂದೆಯೋ ನಡೆಯುವ ಆಟಗಳಿಗೆ ಇಷ್ಟು ಸಿದ್ಧತೆ ಬೇಡ. 2014ರ ‘ಶ್ಯಾಡೋ ಆಫ್ ಮಾರ್ಡರ್’ ಆಟವು ‘ದ ಹಾಬಿಟ್’ ಮತ್ತು ‘ದ ಲಾರ್ಡ್ ಆಫ್ ದ ರಿಂಗ್ಸ್’ ನಡುವಿನ ಕಾಲವನ್ನು ಬಳಸಿಕೊಂಡರೂ ಅದರ ಕಥೆ ಟೋಲ್ಕಿನ್ನರದಲ್ಲ; ನಿಮ್ಮನ್ನು ಕೊಂದ ಓರ್ಕ್ ಎಂಬ ರಾಕ್ಷಸ ಬಡ್ತಿ ಪಡೆದು, ಮುಂದಿನ ಸಲ ಎದುರಾದಾಗ ಹಳೆಯದನ್ನು ನೆನೆದು ಹಂಗಿಸುವ ವ್ಯವಸ್ಥೆಯೇ ಅದರ ಆಕರ್ಷಣೆ. ಹ್ಯಾರಿ ಪಾಟರ್ ಕಾದಂಬರಿಗಳ ಲೋಕದ, 2023ರ ‘ಹಾಗ್ವರ್ಟ್ಸ್ ಲೆಗಸಿ’ 1890ರ ದಶಕದಲ್ಲಿ ನಡೆಯುತ್ತದೆ, ಹ್ಯಾರಿ ಅದರಲ್ಲಿಲ್ಲ. ಇವನ್ನು ಪುಸ್ತಕ ಓದದೆಯೂ ಧಾರಾಳವಾಗಿ ಆಡಬಹುದು.

ಇನ್ನು ಕ್ರಮವೇ ತಿರುಗಿರುವ ಆಟವೊಂದಿದೆ. ಓದುವ ಅಭ್ಯಾಸವುಳ್ಳವರಿಗೆ ನಾನು ಮೊದಲು ಹೇಳುವ ಹೆಸರೂ ಅದೇ. 1993ರ ‘ಬಿಟ್ರೇಯಲ್ ಎಟ್ ಕ್ರಾಂಡರ್’ ಆಟವು ರೇಮಂಡ್ ಫೈಸ್ಟ್ ಅವರ ರಿಫ್ಟ್‌ವಾರ್ ಕಾದಂಬರಿಗಳ ಲೋಕದಲ್ಲಿ ನಡೆಯುತ್ತದೆ, ಆದರೆ ಅದರ ಕಥೆಯನ್ನು ಬರೆದವರು ಆಟದ ತಯಾರಕರು. ಒಂಬತ್ತು ಅಧ್ಯಾಯಗಳಾಗಿ, ಪುಸ್ತಕದ ಪುಟಗಳಂತೆ ತೆರೆದುಕೊಳ್ಳುವ ಆ ಕಥೆಯನ್ನು ಫೈಸ್ಟ್ ಅವರೇ 1998ರಲ್ಲಿ ಕಾದಂಬರಿಯಾಗಿಸಿದರು. ಆದುದರಿಂದ ಇಲ್ಲಿ ಆಟವನ್ನು ಮೊದಲು ಆಡಿ, ಆ ಕಾದಂಬರಿಯನ್ನು ಆಮೇಲೆ ಓದಬೇಕು.

ಯಂತ್ರದ ವಿಷಯಕ್ಕೆ ಬಂದರೆ, ‘ದ ವಿಚರ್’ ಮೂರನೆಯ ಭಾಗಕ್ಕೆ ಸುಮಾರು 50 ಜಿಬಿ ಜಾಗ ಬೇಕು. ಚೀನಾದ ಹಳೆಯ ಕಾದಂಬರಿ ‘ಜರ್ನಿ ಟು ದ ವೆಸ್ಟ್’ ಆಧರಿಸಿ 2024ರಲ್ಲಿ ಬಂದ ‘ಬ್ಲ್ಯಾಕ್ ಮಿತ್: ವೂಕಾಂಗ್’ ಆಟಕ್ಕೆ 130 ಜಿಬಿ ಜಾಗ, 16 ಜಿಬಿ ರ್‍ಯಾಮ್ ಬೇಕು. ಇಷ್ಟಕ್ಕಾಗಿ ಗ್ರಾಂಟ್ ರೋಡಿನಲ್ಲಿಳಿದು ಲ್ಯಾಮಿಂಗ್ಟನ್ ರೋಡಿನ ಅಂಗಡಿಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ವಿಚಾರಿಸುವವರು, ಆಟದ ಕನಿಷ್ಠ ಅಗತ್ಯಗಳನ್ನು ಚೀಟಿಯಲ್ಲಿ ಬರೆದುಕೊಂಡೇ ಹೋಗಬೇಕು. ಬರಿಗೈಯಲ್ಲಿ ಹೋದ ನನಗೆ ಅಂಗಡಿಯವನೊಬ್ಬ ನನ್ನ ಕಂಪ್ಯೂಟರಿನ ಕ್ಯಾಬಿನೆಟ್ಟಿನೊಳಗೆ ಹಿಡಿಸದಷ್ಟು ಉದ್ದದ ಕಾರ್ಡನ್ನು ಮಾರಿದ್ದ, ಮರಳಿಸಲು ಹೋದಾಗ ಮರಾಠಿಯಲ್ಲಿ ನಯವಾಗಿ ಕೈಮುಗಿದಿದ್ದ. ಪುಸ್ತಕಗಳಿಗೆ ಅಷ್ಟು ಖರ್ಚಿಲ್ಲ. ಫ್ಲೋರಾ ಫೌಂಟನ್ ಮತ್ತು ಮಾಟುಂಗಾದ ಕಿಂಗ್ಸ್ ಸರ್ಕಲ್ ಬಳಿಯ ಹಳೆಯ ಪುಸ್ತಕದ ರಾಶಿಗಳಲ್ಲಿ ಹುಡುಕಿದರೆ ಫ್ಯಾಂಟಸಿ ಕಾದಂಬರಿಗಳು ಸಿಗುತ್ತವೆ, ಮಾಲೆಯ ಮೊದಲ ಭಾಗವೇ ಸಿಗುತ್ತದೆಂಬ ಭರವಸೆಯಿಲ್ಲದಿದ್ದರೂ.

ಆಟಕ್ಕೆ ಕುಳಿತ ಮೇಲೆ ಓದುಗರು ಮಾಡಬೇಕಾದ ಮೊದಲ ಕೆಲಸ ಕಷ್ಟದ ಮಟ್ಟವನ್ನು ಇಳಿಸುವುದು. ‘ದ ವಿಚರ್’ ಮೂರನೆಯ ಭಾಗದಲ್ಲಿ ತೀರ ಸುಲಭದ ಮಟ್ಟಕ್ಕೆ ‘ಜಸ್ಟ್ ದ ಸ್ಟೋರಿ’ ಎಂದೇ ಹೆಸರಿದೆ. ಅದನ್ನು ಆರಿಸಲು ನಾಚಿಕೆಪಡಬೇಕಾಗಿಲ್ಲ. ಎರಡನೆಯದಾಗಿ, ಸಬ್‌ಟೈಟಲ್ ಹಾಕಿಕೊಂಡು, ಅಕ್ಷರಗಳನ್ನು ದೊಡ್ಡದಾಗಿಸಿ, ಆಟದೊಳಗೆ ಸಿಗುವ ಪುಸ್ತಕಗಳನ್ನು ನಿಜವಾಗಿಯೂ ಓದಬೇಕು. ಮೊದಲ ‘ವಿಚರ್’ ಆಟದಲ್ಲಂತೂ ಒಂದು ಪ್ರಾಣಿಯ ಕುರಿತ ಪುಸ್ತಕವನ್ನೋ ಮಾಹಿತಿಯನ್ನೋ ಪಡೆಯದೆ ಅದನ್ನು ಕೊಂದರೆ, ಮದ್ದಿಗೆ ಬೇಕಾದ ಪದಾರ್ಥವನ್ನು ಅದರಿಂದ ತೆಗೆಯಲು ಗೆರಾಲ್ಟ್‌ಗೆ ತಿಳಿಯುವುದಿಲ್ಲ. ಓದಿಗೆ ಇಷ್ಟು ನೇರವಾದ ಕೂಲಿ ಕೊಡುವ ಆಟ ನನಗೆ ಬೇರೆ ಸಿಕ್ಕಿಲ್ಲ.

‘ಕ್ರಾಂಡರ್’ ಆಡುವವರು ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಬೇಕು. ದಾರಿಯುದ್ದಕ್ಕೂ ಸಿಗುವ ಹಲವು ಪೆಟ್ಟಿಗೆಗಳಿಗೆ ಬೀಗದ ಬದಲು ಒಂದೊಂದು ಒಗಟಿದ್ದು, ಅಕ್ಷರದ ಗಾಲಿಗಳನ್ನು ತಿರುಗಿಸಿ ಉತ್ತರದ ಪದವನ್ನು ಕೂಡಿಸಿದರೆ ಮಾತ್ರ ಅವು ತೆರೆಯುತ್ತವೆ. ಒಗಟನ್ನು ಬರೆದುಕೊಂಡು ಸೋಮವಾರ ರೈಲಿಗೆ ಒಯ್ಯಿರಿ. ನನಗೆ ಎರಡು ವಾರ ಬಿಡಿಸಲಾಗದ ಒಂದನ್ನು, ಠಾಣೆ ದಾಟುವಷ್ಟರಲ್ಲಿ, ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಅದು ಯಾವ ಆಟದ್ದೆಂದು ಕೇಳದೆಯೇ ಬಿಡಿಸಿಕೊಟ್ಟರು.